ತಲೆ ಹಿಡಿದುಕೊಂಡವಳು

ಬೆಳಿಗ್ಗೆ ಎದ್ದಾಗ ಕತ್ತು ಹಿಡಿದುಕೊಂಡಿತ್ತು. ವರ್ಷದಲ್ಲಿ ಬೇರೆ ಯಾವ ದಿನ ಬೇಕಾದರೂ ಹಿಡಿದುಕೊಳ್ಳಬಹುದಾಗಿದ್ದ ಕತ್ತು ಇವತ್ತೇ ಹಿಡಿದುಕೊಂಡದ್ದು ಯಾರೋ ಬೇಕೆಂದೇ ಮಾಡಿದ ಕೀಟಲೆ ಎಂದು ವೇಣಿಗೆ ಅನ್ನಿಸಿತು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಎಂಟು ವರ್ಷದಿಂದ ನರ್ಸು, ಸಾವಿರದಿನ್ನೂರು ಜನರ ಬೆನ್ನುನೋವು ತಲೆನೋವುಗಳಿಗೆ ಮಾತ್ರೆ ಕೊಟ್ಟು ಧೈರ್ಯ ಹೇಳುವವಳು, ಈಗ ಬಾಯಿ ಮುಕ್ಕಳಿಸಲು ತಲೆ ಬಗ್ಗಿಸಲಾರದೆ ಬಚ್ಚಲಲ್ಲಿ ಸೆಟೆದು ನಿಂತಿದ್ದಳು. ಎಡಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಅಪ್ಪ ಮುನೀಂದ್ರ ಕಾಫಿ ಲೋಟ ಕೈಗೆ ಕೊಡುತ್ತ, ಎರಡು ಬೀದಿ ಆಚೆ ಪಿಳ್ಳಮ್ಮನ ಮನೆ ಇದೆ, ಹೋಗಿ ಉಳುಕು ತೆಗೆಸಿಕೊಂಡು ಬಾ ಎಂದ. ಬೇಗೂರಿನಲ್ಲಿ ಕತ್ತು, ಸೊಂಟ, ಪಾದ, ಏನು ಉಳುಕಿದರೂ ಜನ ಹೋಗುತ್ತಿದ್ದದ್ದು ಪಿಳ್ಳಮ್ಮನ ಜಗುಲಿಗೆ. ಹರಳೆಣ್ಣೆ ಸವರಿ, ಮಾತಾಡಿಸುತ್ತ ಮಾತಾಡಿಸುತ್ತ ಒಮ್ಮೆ ಲಟಕ್ಕೆಂದು ತಿರುಗಿಸಿ ಕಳಿಸುವಳು. ಹುಟ್ಟಿದ ಕೂಸುಗಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆಯುವವಳೂ ಅವಳೇ. ಮೂವತ್ತೆರಡು ವರ್ಷದ ಹಿಂದೆ ವೇಣಿಯನ್ನೂ ಎರೆದಿದ್ದಳು. ಅದೇ ಪಿಳ್ಳಮ್ಮ ಈಗ ಅದೇ ಫ್ಯಾಕ್ಟರಿಯ ಮಕ್ಕಳ ರೂಮಿನಲ್ಲಿ ಆಯಾ, ಮತ್ತು ಗೇಟಿನೊಳಗೆ ಕಾಲಿಟ್ಟ ಕ್ಷಣದಿಂದ ವೇಣಿಯನ್ನು ಮೇಡಂ ಎಂದೇ ಕರೆಯುತ್ತಾಳೆ. ತಾನಾಗಿಯೇ ಹೋಗುತ್ತೆ ಬಿಡಪ್ಪ ಎಂದು ವೇಣಿ ಬಸ್ಸಿಗೆ ಹೊರಟಳು.

ಬಸ್ಸಿನಲ್ಲಿ ಕಂಡಕ್ಟರ್ ಎಡಗಡೆಯಿಂದ ಟಿಕೆಟ್ ಟಿಕೆಟ್ ಎಂದು ಎರಡು ಸಲ ಕರೆದ. ಇವಳು ತಿರುಗದೇ ಇದ್ದದ್ದನ್ನು ಜಂಬವೆಂದು ತಿಳಿದುಕೊಂಡು ಮುಖಕ್ಕೆ ನೇರವಾಗಿ ಬಂದು ನಿಂತು, ಪಾಸ್ ತೋರ್ಸಿ ಮೇಡಂ, ನಮಗೂ ಕೆಲಸ ಇದೆ ಎಂದ. ಇಂಥ ಸಣ್ಣ ಅವಮಾನಗಳು ಇವತ್ತಿನ ದಿನಕ್ಕೆ ಸಲ್ಲಬೇಕಾದವೇ ಎಂದುಕೊಂಡು ಪಾಸು ತೋರಿಸಿದಳು. ಇವತ್ತು ಶಿವಗಂಗಾ ವಾಪಸ್ಸು ಬರುತ್ತಾಳೆ. ನಾಲ್ಕು ವರ್ಷದ ಹುಡುಗಿ, ಆರನೇ ಲೈನಿನಲ್ಲಿ ಶರ್ಟಿನ ಕಾಲರು ಹೊಲಿಯುವ ಹನುಮವ್ವನ ಮಗಳು. ಸಿಂಧನೂರಿನ ಕಡೆಯವರು, ಗಂಡ ಹೆಂಡತಿ ಇಬ್ಬರೂ ದುಡಿಯುತ್ತ ಫ್ಯಾಕ್ಟರಿಯ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದಿದ್ದಾರೆ. ನಾಲ್ಕು ತಿಂಗಳು ಮಗು ಮನೆಯಲ್ಲೇ ಇತ್ತು, ಅದರಲ್ಲಿ ಮೂರು ತಿಂಗಳು ತಲೆಯಿಂದ ಎದೆಯವರೆಗೆ ಕವಚ ಹಾಕಿಸಿಕೊಂಡು. ಕವಚ ಬಿಚ್ಚಿದರಂತೆ, ಮಗು ಓಡಾಡುತ್ತದಂತೆ, ಇವತ್ತು ಕರಕೊಂಡು ಬಂದು ಮೇಡಂ ಕಾಲಿಗೆ ಬೀಳಿಸುತ್ತೇನೆಂದು ಹನುಮವ್ವ ಲೈನಿನ ತುಂಬ ಹೇಳಿಕೊಂಡು ತಿರುಗಿದ್ದಾಳೆ. ಆ ಸುದ್ದಿ ಕೇಳಿದ ಮೇಲೆ ವೇಣಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ದಿಂಬಿನ ಮೇಲೆ ತಲೆ ಎತ್ತೆತ್ತಲೋ ಹೊರಳಿಸಿ ಮಲಗಿದರೆ ಕತ್ತು ಹಿಡಿಯದೆ ಇನ್ನೇನು ಮಾಡೀತು.

ಬೋರ್ಡಿನ ವಿಷಯವೇ ಮೊದಲು ನೆನಪಾಗುತ್ತಿತ್ತು. ಮಗು ಬೀಳುವುದಕ್ಕೂ ಒಂದು ವರ್ಷ ಹಿಂದೆ, ಊಟದ ವಿರಾಮದಲ್ಲಿ ಮಕ್ಕಳ ರೂಮಿನ ಬಾಗಿಲಲ್ಲಿ ಪಿಳ್ಳಮ್ಮ ಒಬ್ಬ ಟೈಲರಿನ ಕತ್ತು ತಿರುಗಿಸುತ್ತಿದ್ದಳು, ಇನ್ನೂ ನಾಲ್ಕು ಜನ ಸಾಲಿನಲ್ಲಿ ಕಾದಿದ್ದರು. ಅವರಲ್ಲಿ ಇಬ್ಬರು ಅದೇ ಬೆಳಿಗ್ಗೆ ವೇಣಿಯ ಹತ್ತಿರ ಮಾತ್ರೆ ತೆಗೆದುಕೊಂಡು ಹೋದವರು. ವೇಣಿಗೆ ಸಿಟ್ಟು ಬಂದದ್ದು ಆ ಇಬ್ಬರನ್ನು ಕಂಡು. ಆದರೆ ಅಪಾಯ, ನರ, ಬೆನ್ನುಹುರಿ ಎಂದು ಮಾತಾಡಿದಳು. ಅದೆಲ್ಲ ಸುಳ್ಳೂ ಅಲ್ಲ. ಮಾರನೆಯ ದಿನ ಕಂಪ್ಯೂಟರಿನಲ್ಲಿ ದಪ್ಪ ಅಕ್ಷರದಲ್ಲಿ ಹೊಡೆಸಿ ತಂದು ಅಂಟಿಸಿದಳು: ಇಲ್ಲಿ ಉಳುಕು ತೆಗೆಯುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ, ತಪ್ಪಿದಲ್ಲಿ ಕ್ರಮ ಕೈಗೊಳ್ಳಲಾಗುವುದು. ಪಿಳ್ಳಮ್ಮನಿಗೆ ಓದಲು ಬರುವುದಿಲ್ಲ. ಕೈಯಲ್ಲಿ ಒಂದು ಮಗು ಎತ್ತಿಕೊಂಡು ಬೋರ್ಡಿನ ಮುಂದೆ ನಿಂತು, ಏನ್ ಬರ್ದದೆ ಮೇಡಂ, ವಸಿ ಓದಿ ಎಂದಳು. ಹಾಲು ಕುಡಿಸಲು ಬಂದಿದ್ದ ತಾಯಂದಿರೆಲ್ಲ ನೋಡುತ್ತಿದ್ದರು. ವೇಣಿ ಓದಿದಳು, ಕಡ್ಡಾಯವಾಗಿ ಎನ್ನುವುದನ್ನು ಸ್ವಲ್ಪ ಒತ್ತಿಯೇ ಓದಿದಳು. ಪಿಳ್ಳಮ್ಮ ಪೂರ್ತಿ ಕೇಳಿಸಿಕೊಂಡು ಆಯ್ತು ಮೇಡಂ ಅಂದು ಮಗುವಿನ ಮೂಗು ಒರೆಸುತ್ತ ಒಳಗೆ ಹೋದಳು. ಬೇಗೂರಿನಲ್ಲಿ ಅವಳ ಜಗುಲಿ ದಾಟಿ ಹೋಗುವಾಗ ವೇಣಿ ಅಂದಿನಿಂದ ಫೋನು ಕಿವಿಗಿಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಳು.

ಅದೇ ಬೋರ್ಡಿನ ಕೆಳಗೆ ಆ ಮಾತು ಅವಳ ಬಾಯಿಂದ ಬಂದದ್ದು. ಆ ಮಂಗಳವಾರ ಹನ್ನೊಂದೂವರೆಗೆ ವಿದೇಶದ ಖರೀದಿದಾರರ ಕಡೆಯವರು ತಪಾಸಣೆಗೆ ಬರುವವರಿದ್ದರು. ಎಚ್.ಆರ್. ಮ್ಯಾನೇಜರ್ ಚನಬಸಪ್ಪ ಬೆಳಿಗ್ಗೆಯಿಂದ ಮೂರು ಸಲ ಬಂದು, ಮೇಡಂ, ಇವತ್ತೊಂದು ದಿನ ನಿಮ್ಮ ರೂಮಿನಲ್ಲಿ ಒಬ್ಬ ಪೇಷೆಂಟೂ ಕಾಣಬಾರದು ಎಂದು ನಕ್ಕು ಹೇಳಿದ್ದ. ಹನ್ನೊಂದಕ್ಕೆ ಮಕ್ಕಳ ರೂಮಿನಿಂದ ಕರೆ ಬಂತು. ಹೊರಗಿನ ಓಣಿಯಲ್ಲಿ ಪೇರಿಸಿಟ್ಟಿದ್ದ ಬಟ್ಟೆಯ ರೋಲುಗಳ ಮೇಲೆ ಹತ್ತಿ ಶಿವಗಂಗಾ ತಲೆ ಕೆಳಗಾಗಿ ಬಿದ್ದಿದ್ದಳು. ವೇಣಿ ಹೋಗಿ ನೋಡಿದರೆ ಮಗು ತನ್ನ ಕಾಲ ಮೇಲೆ ತಾನೇ ನಿಂತಿತ್ತು, ಅಳುತ್ತಲೂ ಇರಲಿಲ್ಲ. ಎರಡೂ ಅಂಗೈಗಳನ್ನು ಕೆನ್ನೆಗೊತ್ತಿ ತಲೆಯನ್ನು ಹಿಡಿದುಕೊಂಡು ಕಣ್ಣು ಮಾತ್ರ ತಿರುಗಿಸುತ್ತಿತ್ತು. ನಡೆದಾಡುವ ಮಗುವಿಗೆ ಏನಾಗಿರಲು ಸಾಧ್ಯ. ವಾಂತಿ ಇಲ್ಲ, ರಕ್ತ ಇಲ್ಲ, ಬುಗುಟೆಯೂ ಇಲ್ಲ. ಗಡಿಯಾರ ನೋಡಿದಳು. ಆಸ್ಪತ್ರೆಗೆ ಬರೆದುಕೊಟ್ಟರೆ ಆಂಬುಲೆನ್ಸ್ ಗೇಟಿಗೆ ಬರುವುದು, ಅದೇ ಹೊತ್ತಿಗೆ ಖರೀದಿದಾರರ ಕಾರೂ ಬರುವುದು, ಚನಬಸಪ್ಪನ ಮುಖ, ಎಲ್ಲ ಒಂದರ ಮೇಲೊಂದು ಕಣ್ಣಿಗೆ ಬಂತು. ಏನಿಲ್ಲ, ಉಳುಕು ಅಷ್ಟೇ, ಎಂದು ಪಿಳ್ಳಮ್ಮನ ಕಡೆ ತಿರುಗಿ, ದನಿ ತಗ್ಗಿಸಿ, ಯಾರಿಗೂ ಕೇಳಿಸದ ಹಾಗೆ ಹೇಳಿದಳು: "ನೀನೇ ಒಂಚೂರು ತೆಗೆದುಬಿಡು."

ಪಿಳ್ಳಮ್ಮ ಬೋರ್ಡಿನ ಕಡೆ ನೋಡಲಿಲ್ಲ, ಅಣಕಿಸಲಿಲ್ಲ. ನೆಲದ ಮೇಲೆ ಕೂತು ಮಗುವನ್ನು ಹತ್ತಿರ ಕರೆದು, ಎರಡು ಬೆರಳನ್ನು ಅದರ ಕಿವಿಯ ಹಿಂದಕ್ಕೆ ತಂದಳು. ಚರ್ಮಕ್ಕೆ ತಾಗಿತೋ ಇಲ್ಲವೋ, ಅಲ್ಲೇ ನಿಂತಳು. ಮಗುವಿನ ಮುಖವನ್ನೇ ನೋಡುತ್ತ ನಾಲ್ಕೈದು ಉಸಿರಿನಷ್ಟು ಹೊತ್ತು ಹಾಗೆಯೇ ಇದ್ದಳು. ಆಮೇಲೆ ಬೆರಳು ಹಿಂದಕ್ಕೆ ತೆಗೆದು, ಮಗುವಿನ ಅಂಗೈಗಳ ಮೇಲೆಯೇ ತನ್ನ ಅಂಗೈಗಳನ್ನು ಇಟ್ಟಳು.

"ಇದು ಉಳುಕಲ್ಲ ಮೇಡಂ," ಎಂದಳು. "ಉಳುಕಾದ್ರೆ ಕತ್ತು ಇಡ್ಕೊತಾರೆ. ಇದು ತಲೆ ಇಡ್ಕೊಂಡದೆ. ಬಿದ್ದೋಯ್ತದೆ ಅನ್ನಂಗೆ ಇಡ್ಕೊಂಡದೆ. ನಾನ್ ತಿರುಗ್ಸಕಿಲ್ಲ. ಬುಡಾದೂ ಇಲ್ಲ."

ವೇಣಿಗೆ ಓದಿದ್ದು, ಟ್ರೇನಿಂಗಿನಲ್ಲಿ ಗೊಂಬೆಯ ಮೇಲೆ ಮಾಡಿ ತೋರಿಸಿ ಸರ್ಟಿಫಿಕೇಟು ತಂದದ್ದು, ಎಲ್ಲವೂ ಒಮ್ಮೆಗೇ ನೆನಪಿಗೆ ಬಂತು, ತಡವಾಗಿ ಬಂದ ನೆಂಟರ ಹಾಗೆ. ಕತ್ತಿಗೆ ಪೆಟ್ಟು ಎಂಬ ಸಂಶಯವಿದ್ದರೆ ತಲೆ ಅಲುಗಬಾರದು, ಕೂರಿಸಬಾರದು, ನಡೆಸಬಾರದು. ಆಮೇಲೆ ಅವಳು ಮಾಡಿದ್ದೆಲ್ಲ ಸರಿಯಾಗಿಯೇ ಮಾಡಿದಳು. ಅದನ್ನು ತನ್ನ ಪರವಾಗಿ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಆಂಬುಲೆನ್ಸಿಗೆ ಫೋನು ಮಾಡಿದಳು. ಪಿಳ್ಳಮ್ಮ ಕೈ ಬಿಡದಂತೆ, ತಲೆ ಬೆನ್ನು ಒಂದೇ ಸಾಲಿನಲ್ಲಿ ಬರುವಂತೆ, ಅಲ್ಲಿದ್ದ ಇನ್ನೊಬ್ಬ ತಾಯಿಯೂ ಕೈಗೂಡಿಸಿ, ಮೂವರು ಸೇರಿ ಮಗುವನ್ನು ನಿಧಾನ ಮಲಗಿಸಿದರು. ಫಸ್ಟ್ ಏಡ್ ರೂಮಿನಿಂದ ಕತ್ತಿನ ಪಟ್ಟಿಯನ್ನೂ ತಂದಳು, ಪ್ಲಾಸ್ಟಿಕ್ ಕವರೂ ಬಿಚ್ಚಿರದ ಹೊಸ ಪಟ್ಟಿ. ಅಷ್ಟರಲ್ಲಿ ಲೈನಿನಿಂದ ಓಡಿ ಬಂದಿದ್ದ ಹನುಮವ್ವ ಅದನ್ನು ನೋಡಿದ ಕೂಡಲೇ, ಇದು ದೊಡ್ಡಾವ್ರ ಸೈಜ್ ಐತ್ರಿ ಬಾಯಾರ, ಕೂಸಿಗಿ ಗದ್ದ ಎತ್ತತೈತಿ ಎಂದಳು. ದಿನವಿಡೀ ಕಾಲರು ಹೊಲಿಯುವವಳ ಕಣ್ಣು. ಪಟ್ಟಿಯನ್ನು ಪಕ್ಕಕ್ಕಿಟ್ಟರು. ಚಪ್ಪಟೆ ನೆಲದ ಮೇಲೆ ಮಗುವಿನ ಗದ್ದ ಎದೆಯ ಕಡೆ ಬಾಗುತ್ತಿತ್ತು. ಪಿಳ್ಳಮ್ಮ ತಲೆಯನ್ನು ಹಿಡಿದುಕೊಂಡೇ, ಹೆಗಲ ಕೆಳಗೆ ಬಟ್ಟೆ ಮಡಚಿ ಇಡಿ, ಎಳೆ ಮಕ್ಕಳಿಗೆ ಹಿಂದಲೆ ದೊಡ್ದು, ಎರೆಯೋವಾಗ ಕಾಣಾಕಿಲ್ವೇ ಎಂದಳು. ಕಟಿಂಗ್ ವಿಭಾಗದಿಂದ ಶರ್ಟಿನ ಬಟ್ಟೆಯ ತುಂಡುಗಳನ್ನು ತಂದು ಒಂದರ ಮೇಲೊಂದು ಮಡಚಿ ಹೆಗಲು ಬೆನ್ನಿನ ಕೆಳಗೆ ತೂರಿಸಿದಾಗ ಮುಖ ನೇರ ಛಾವಣಿಗೆ ಬಂತು. ಖರೀದಿದಾರರ ಕಾರು ಗೇಟಿನಲ್ಲಿ ನಿಂತಿದ್ದಾಗಲೇ ಆಂಬುಲೆನ್ಸೂ ಬಂತು. ಗೇಟ್ ಪಾಸಿಲ್ಲದೆ ಹನುಮವ್ವನನ್ನು ಬಿಡುವುದಿಲ್ಲವೆಂದ ಸೂಪರ್‌ವೈಸರನ್ನು ವೇಣಿ ತಳ್ಳಿಕೊಂಡೇ ಹೋದಳು, ಚನಬಸಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

ಆಂಬುಲೆನ್ಸಿನ ಹುಡುಗ ತಿಳಿದವನು. ಅವನ ಹತ್ತಿರವೂ ಸಣ್ಣ ಅಳತೆಯ ಪಟ್ಟಿ ಇರಲಿಲ್ಲ. ತಾನು ಹಿಡಿಯಲು ಕೈ ತಂದಾಗ ಮಗು ಚೀರಿತು. ಅವನು ಕೂಡಲೇ ಕೈ ಹಿಂದೆಗೆದು, ಬದಲಾಯಿಸೋದು ಬೇಡ, ಅಕ್ಕ, ನೀವೇ ಇರಿ ಎಂದು ಪಿಳ್ಳಮ್ಮನನ್ನು ಸ್ಟ್ರೆಚರಿನ ತಲೆಯ ಕಡೆ ಮಂಡಿಯೂರಿಸಿ, ಮೊಣಕೈಗಳ ಕೆಳಗೆ ಎರಡು ದಿಂಬು ಕೊಟ್ಟ. ಸಿಲ್ಕ್ ಬೋರ್ಡಿನಲ್ಲಿ ಎಂದಿನ ಹಾಗೆ ಎಲ್ಲ ನಿಂತಿತ್ತು. ಸೈರನ್ ಕೂಗಿ ಕೂಗಿ ದಾರಿಹೋಕರಿಗೇ ಬೇಸರ ಬರುವಷ್ಟಾಯಿತು. ಹನುಮವ್ವ ಮಗಳ ಪಾದ ಹಿಡಿದು ಕೂತಿದ್ದಳು. ಎರಡು ನಿಮಿಷಕ್ಕೊಮ್ಮೆ ವೇಣಿ, ಶಿವಗಂಗಾ, ಬೆರಳು ಆಡಿಸು ಎನ್ನುವಳು, ಕಾಲಿನ ಪುಟ್ಟ ಬೆರಳುಗಳು ಆಡುವವು, ಆಡಿದಾಗೊಮ್ಮೆ ಮೂವರೂ ಉಸಿರು ಬಿಡುವರು. ಪಿಳ್ಳಮ್ಮನ ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಗುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ, ವೇಣಿ ತನ್ನ ಕರ್ಚೀಫಿನಿಂದ ಒರೆಸಿದಳು. ಗುಂಡಿಗೆ ಇಳಿದಾಗ ಗಾಡಿ ಎಗರಿತು, ಎಲ್ಲರೂ ಎಗರಿದರು. ಆ ಎರಡು ಕೈ ಮತ್ತು ಅವುಗಳ ನಡುವಿನ ಮುಖ ಮಾತ್ರ ಬೇರೆ ಯಾವುದೋ ನೆಲದ ಮೇಲೆ ಇದ್ದಂತೆ ಅಲುಗಲಿಲ್ಲ. ಗಂಟು ಬಿದ್ದ, ಉಗುರಿನ ಸಂದಿಯಲ್ಲಿ ಹರಳೆಣ್ಣೆಯ ಕಪ್ಪು ಹಿಡಿದ ಬೆರಳುಗಳು. ಇಂಥ ಕೈಗಳ ವಿರುದ್ಧ ಬೋರ್ಡು ಬರೆಸಿದ್ದೆನಲ್ಲ ಎಂದು ವೇಣಿ ನೋಡುತ್ತಲೇ ಇದ್ದಳು, ಮತ್ತು ಆ ಕೈಗಳಿಗೆ ತಾನು ಏನು ಮಾಡಲು ಹೇಳಿದ್ದೆ ಎಂಬುದೂ ಜೊತೆಗೇ ಕೂತಿತ್ತು.

ಮಕ್ಕಳ ರೂಮಿನಿಂದ ಆಸ್ಪತ್ರೆಯ ತುರ್ತು ವಿಭಾಗದವರೆಗೆ ಒಂದೂಕಾಲು ಗಂಟೆ. ಅಲ್ಲಿ ಡಾಕ್ಟರ್ ಮಹಾಲಕ್ಷ್ಮಿ ಎಂಬ ಎಳೆ ವಯಸ್ಸಿನ ವೈದ್ಯೆ ಪಿಳ್ಳಮ್ಮನ ಕೈ ಬಿಡಿಸುವ ಮೊದಲು ತನ್ನ ಕೈಗಳನ್ನು ಹೊರಗಿನಿಂದ ತಂದು ಸೇರಿಸಿ, ಈಗ ಒಂದೊಂದೇ ಬೆರಳು ತೆಗೀರಿ ಅಮ್ಮ ಎಂದಳು. ಬೆರಳುಗಳು ಸೆಟೆದುಹೋಗಿದ್ದವು, ಬಿಚ್ಚಲು ಹೊತ್ತು ಹಿಡಿಯಿತು. ಎದ್ದು ನಿಂತಾಗ ಪಿಳ್ಳಮ್ಮನ ಸೀರೆಯ ಹಿಂಭಾಗ ಒದ್ದೆಯಾಗಿತ್ತು. ವೇಣಿ ತನ್ನ ಬಿಳಿ ಕೋಟು ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿದಳು. ಆಮೇಲೆ ಎಕ್ಸ್‌ರೇ, ಸ್ಕ್ಯಾನು. ಕತ್ತಿನ ಎರಡನೇ ಮೂಳೆಯ ಮೇಲೆ ಒಂದು ಗೂಟದಂಥದ್ದು ಇರುತ್ತದೆ, ತಲೆ ತಿರುಗುವುದು ಅದರ ಸುತ್ತ, ಸಣ್ಣ ಮಕ್ಕಳಲ್ಲಿ ಅದು ಇನ್ನೂ ಪೂರ್ತಿ ಬೆಸೆದುಕೊಂಡಿರುವುದಿಲ್ಲ, ಅದು ಬುಡದಲ್ಲಿ ಸರಿದಿದೆ ಎಂದು ವೈದ್ಯೆ ವಿವರಿಸಿದಳು. ಆಪರೇಷನ್ ಬೇಕಾಗಲಿಕ್ಕಿಲ್ಲ, ಅಲುಗದಂತೆ ಕವಚ ಹಾಕಿದರೆ ಕೂಡಿಕೊಳ್ಳುತ್ತದೆ. ಹೆಗಲ ಕೆಳಗಿನ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿ, ಇದನ್ನು ನಮ್ಮ ಹುಡುಗರಿಗೇ ಎಷ್ಟು ಸಲ ಹೇಳಿಕೊಡಬೇಕು ಗೊತ್ತಾ ಎಂದಳು. ಆಮೇಲೆ ಕೈ ತೊಳೆಯುತ್ತ, ಯಾರನ್ನೂ ನೋಡದೆ, "ಯಾರಾದ್ರೂ ಒಂದೇ ಒಂದ್ಸಲ ಕತ್ತು ತಿರುಗ್ಸಿದ್ರೂ ಮಗು ಉಳೀತಿರ್ಲಿಲ್ಲ," ಎಂದಳು. ಹೀಗೆ ಹಿಡಿಯಬೇಕೆಂದು ಯಾರು ಹೇಳಿದ್ದು ಎಂದೂ ಕೇಳಿದಳು. ಪಿಳ್ಳಮ್ಮ ಸೊಂಟದ ಕೋಟನ್ನು ಹಿಡಿದುಕೊಂಡು, ಮೇಡಂ ಯೋಳಿದ್ರು ಎಂದಳು.

ವೇಣಿ ಬಾಯಿ ತೆರೆದಳು, ಮಾತು ಬರಲಿಲ್ಲ. ಬಾರದೇ ಇದ್ದದ್ದು ಆ ಕ್ಷಣದ ಗಾಬರಿ ಎಂದುಕೊಂಡಳು. ಮಾರನೆಯ ದಿನವೂ ಬರಲಿಲ್ಲ. ಚನಬಸಪ್ಪ ಸೇಫ್ಟಿ ಮೀಟಿಂಗಿನಲ್ಲಿ ಅವಳ ಹೆಸರು ಹೇಳಿ ಚಪ್ಪಾಳೆ ಹೊಡೆಸಿದ. ಖರೀದಿದಾರರ ಕಡೆಯವರು ಕೈ ಕುಲುಕಿ ಹೋಗಿದ್ದರಂತೆ. ಓಣಿಯ ರೋಲುಗಳು ಗೋದಾಮಿಗೆ ಹೋದವು, ಮಕ್ಕಳ ಅಳತೆಯ ಪಟ್ಟಿಗಳು ಬಂದವು. ವಾರದ ಮೇಲೆ ಪಿಳ್ಳಮ್ಮ ಕೋಟನ್ನು ಒಗೆದು ಇಸ್ತ್ರಿ ಮಾಡಿಸಿ ಪೇಪರಿನಲ್ಲಿ ಸುತ್ತಿ ತಂದುಕೊಟ್ಟಳು. ಇಷ್ಟು ದೊಡ್ಡ ಮನಸ್ಸು ಇವಳಿಗೆ ಎಲ್ಲಿಂದ ಬಂತು, ನನ್ನ ಮರ್ಯಾದೆ ಉಳಿಸಿ ತಾನು ಹಿಂದೆ ನಿಂತಳಲ್ಲ ಎಂದು ನಾಲ್ಕು ತಿಂಗಳು ವೇಣಿ ಬೆಂದಳು. ಆ ಕೋಟು ಹಾಕಿಕೊಂಡರೆ ಬೇರೆಯವರ ಬಟ್ಟೆ ಹಾಕಿಕೊಂಡಂತೆ ಆಗುತ್ತಿತ್ತು.

ಫ್ಯಾಕ್ಟರಿ ತಲುಪಿ ಅದೇ ಕೋಟು ಹಾಕಿಕೊಂಡು, ಕತ್ತಿಗೆ ಬಾಮು ತಿಕ್ಕಿಕೊಂಡು ಕೂತರೂ ನೋವು ಜಗ್ಗಲಿಲ್ಲ. ಹತ್ತೂವರೆಯ ಟೀ ವಿರಾಮಕ್ಕೆ ಮಕ್ಕಳ ರೂಮಿಗೆ ಹೋದಳು. ಹನುಮವ್ವ ಆಗಲೇ ಬಂದಿದ್ದಳು, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಶಿವಗಂಗಾ ಪಿಳ್ಳಮ್ಮನ ಪಕ್ಕ ನಿಂತು ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸುತ್ತಿದ್ದಳು, ಜಡೆ ಎರಡೂ ಕಡೆ ಹಾರುತ್ತಿತ್ತು. ಅಷ್ಟು ಸಲೀಸಾಗಿ ತಿರುಗುವ ಆ ಪುಟ್ಟ ಕತ್ತನ್ನೇ ನೋಡುತ್ತ ವೇಣಿ ಒಳಗೆ ಬಂದಳು. ಹನುಮವ್ವ ಡಬ್ಬಿ ಮುಂದೆ ಹಿಡಿದು, ಮಗಳನ್ನೂ ಎಳೆದುಕೊಂಡು, ನಿಮ್ಮಿಂದ ಉಳದಾಳ್ರಿ ಬಾಯಾರ ಎಂದು ಕಾಲಿಗೆ ಬಗ್ಗಿದಳು. ತಡೆಯಲು ಬಗ್ಗಬೇಕೆಂದರೆ ವೇಣಿಯ ಕತ್ತು ಬಗ್ಗಲಿಲ್ಲ. ತನ್ನ ಪಾದ ತನಗೆ ಕಾಣಿಸಲಿಲ್ಲ, ಅದರ ಮೇಲೆ ಎರಡು ಕೈ ತಾಗಿದ್ದು ಮಾತ್ರ ಗೊತ್ತಾಯಿತು. ಎದುರಿಗೆ ಗೋಡೆಯ ಮೇಲೆ ಬೋರ್ಡು ನೇರವಾಗಿ ಕಾಣುತ್ತಿತ್ತು.

"ಏಳಿ ಹನುಮವ್ವ," ಎಂದಳು. "ಹಿಡ್ಕೋ ಅಂತ ನಾನು ಹೇಳ್ಲಿಲ್ಲ. ಉಳುಕು, ತೆಗೆದುಬಿಡು ಅಂತ ಹೇಳ್ದೆ. ಇದೇ ಜಾಗದಲ್ಲಿ. ಪಿಳ್ಳಮ್ಮ ನನ್ನ ಮಾತು ಕೇಳಿದ್ದಿದ್ರೆ ನಿಮ್ಮ ಮಗು ಇವತ್ತು ಇರ್ತಿರ್ಲಿಲ್ಲ."

ಹನುಮವ್ವ ಎದ್ದಳು. ಅವಳಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು; ಆದದ್ದು ಅವಳ ಮುಖದಲ್ಲಿ ಕಂಡಿತು. ಮಗಳನ್ನು ಬಲಗಡೆಯಿಂದ ಎಡಗಡೆಗೆ, ವೇಣಿಯಿಂದ ಆಚೆಗೆ ಸರಿಸಿಕೊಂಡಳು. ನಿಜವೇನ್ರಿ ಎಂಬಂತೆ ಪಿಳ್ಳಮ್ಮನನ್ನು ನೋಡಿದಳು. ಪಿಳ್ಳಮ್ಮ ಹೌದೆಂದು ತಲೆಯಾಡಿಸಿದಳು. ಅಷ್ಟು ದಿನದಿಂದ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಿದ್ದ ಮೇಲೆ ವೇಣಿಗೆ ಇನ್ನೊಂದನ್ನೂ ಕೇಳುವ ಧೈರ್ಯ ಬಂತು. ಮತ್ತೆ ನನ್ನ ಹೆಸರು ಯಾಕೆ ಹೇಳಿದೆ, ನನ್ನ ಮರ್ಯಾದೆ ಯಾಕೆ ಉಳಿಸಿದೆ ಎಂದು ಪಿಳ್ಳಮ್ಮನನ್ನು ಕೇಳಿದಳು.

ಪಿಳ್ಳಮ್ಮ ಆಶ್ಚರ್ಯದಿಂದ ನೋಡಿದಳು. "ನಿಮ್ ಮರ್ವಾದೆಗಲ್ಲ ಮೇಡಂ. ಕತ್ತು ಮುಟ್ಟುದ್ರೆ ಕೆಲ್ಸ ಓಯ್ತದೆ ಅಂತ ನೀವೇ ಓದುದ್ರಲ್ಲ. ನಾನಾಗೇ ಮುಟ್ದೆ ಅಂದಿದ್ರೆ ನನ್ನ ಬುಡ್ತಿದ್ರಾ? ಅದುಕ್ಕೆ ನಿಮ್ ಎಸ್ರು ಯೋಳ್ದೆ."

ಅವಳ ದನಿಯಲ್ಲಿ ದೂರು ಇರಲಿಲ್ಲ, ಬಸ್ಸು ತಡವಾದ ಕಾರಣ ಹೇಳುವಷ್ಟು ಸಾದಾ ಮಾತು. ವೇಣಿಗೆ ಈಗ ತಿಳಿಯಿತು. ಒಂದೂಕಾಲು ಗಂಟೆ ಒಂದು ಜೀವವನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಾಗಲೂ, ಬೆರಳು ಸೆಟೆದಾಗಲೂ, ಸೀರೆ ಒದ್ದೆಯಾದಾಗಲೂ, ಈ ಹೆಂಗಸು ಹೆದರಿದ್ದು ನನಗೆ. ಅದನ್ನು ನಾಲ್ಕು ತಿಂಗಳು ದೊಡ್ಡ ಮನಸ್ಸು ಎಂದುಕೊಂಡಿದ್ದೆನಲ್ಲ. ಹಾಗೆ ಹೆದರಿಕೊಂಡೂ ಕೈ ಬಿಡಲಿಲ್ಲವಲ್ಲ ಇವಳು, ಎಂದುಕೊಂಡಾಗ ಮೊದಲಿಗಿಂತ ಹೆಚ್ಚು ದೊಡ್ಡವಳಾಗಿ ಕಂಡಳು. ವೇಣಿ ಗೋಡೆಯ ಹತ್ತಿರ ಹೋಗಿ ಬೋರ್ಡು ಕೀಳಲು ಕೈ ಎತ್ತಿದಳು, ನೋವು ಹೆಗಲಿನವರೆಗೆ ಹೊಡೆದು ಕೈ ಕತ್ತಿಗೇ ಬಂತು.

ವಿರಾಮ ಮುಗಿದ ಸೈರನ್ ಆಯಿತು. ಹನುಮವ್ವ ಡಬ್ಬಿಯನ್ನು ಪಿಳ್ಳಮ್ಮನ ಮಡಿಲಲ್ಲಿಟ್ಟು, ಬಗ್ಗಿ ಅವಳ ಪಾದ ಮುಟ್ಟಿದಳು. ಬಾಗಿಲ ಹತ್ತಿರ ನಿಂತು ವೇಣಿಗೆ, "ನೀವ ಹೇಳದಿದ್ರ ನನಗ ಗೊತ್ತ ಆಗ್ತಿದ್ದಿಲ್ರಿ," ಎಂದಳು. ಮೆಚ್ಚುಗೆಯೋ ಸಿಟ್ಟೋ ಅದರಲ್ಲಿ ಕಾಣಿಸಲಿಲ್ಲ. ಕಾಲರುಗಳು ಕಾದಿದ್ದವು, ಹೋದಳು. ಶಿವಗಂಗಾ ಹೋಳಿಗೆಯ ತುಂಡು ಬಾಯಲ್ಲಿಟ್ಟುಕೊಂಡು ವೇಣಿಯ ಮುಂದೆ ಬಂದು, ತಲೆ ಹಿಂದಕ್ಕೆ ಬಾಗಿಸಿ, ಆಸ್ಪತ್ರೆಯಲ್ಲಿ ಡಾಕ್ಟರುಗಳು ನೋಡುತ್ತಿದ್ದ ಹಾಗೆ ನೋಡಿದಳು. ಮೂರು ತಿಂಗಳು ಮನೆಗೆ ಬಂದವರಿಗೆಲ್ಲ ಅವ್ವ ಹೇಳುತ್ತಿದ್ದ ಪಿಳ್ಳಮ್ಮನ ಮಾತು ಕೇಳಿ ಕೇಳಿ ಬಾಯಿಪಾಠವಾಗಿತ್ತು.

"ಇವ್ರು ತಲಿ ಹಿಡಕೊಂಡಿಲ್ಲ, ಕುತ್ತಿಗಿ ಹಿಡಕೊಂಡಾರ," ಎಂದಳು. "ಉಳುಕು ಐತಿ."

ಪಿಳ್ಳಮ್ಮ ನಕ್ಕುಬಿಟ್ಟಳು. ಹರಳೆಣ್ಣೆಯ ಸೀಸೆ ಎಲ್ಲಿತ್ತೋ, ಬಂತು. ವೇಣಿಯನ್ನು ಮಕ್ಕಳ ಸಣ್ಣ ಸ್ಟೂಲಿನ ಮೇಲೆ ಕೂರಿಸಿ, ಬಿದ್ದಿದ್ದೆಯಾ, ಬೆರಳು ಜೋಮು ಬರುತ್ತದೆಯಾ, ಜ್ವರ ಇದೆಯಾ ಎಂದು ಒಂದೊಂದೇ ಕೇಳಿದಳು, ಎರಡೂ ಕೈ ಮುಷ್ಟಿ ಮಾಡಿಸಿ ಬಿಚ್ಚಿಸಿ ನೋಡಿದಳು. ಆವತ್ತಿನಿಂದ ಯಾರ ಕತ್ತನ್ನೂ ತಿರುಗಿಸುವುದಿಲ್ಲವಂತೆ, ಎಣ್ಣೆ ಸವರಿ ಕಳಿಸುತ್ತಾಳಂತೆ, ಜಗುಲಿಯಲ್ಲಿ ಗಿರಾಕಿ ಕಮ್ಮಿಯಾಗಿದ್ದಾರಂತೆ. ಆಮೇಲೆ ಹಿಂದೆ ನಿಂತು ಎರಡೂ ಅಂಗೈಗಳನ್ನು ವೇಣಿಯ ಕಿವಿಗಳ ಕೆಳಗೆ ತಂದಳು. ವೇಣಿ ಬಿಗಿಯಾಗಿಯೇ ಕೂತಿದ್ದಳು.

"ತಲೆ ಬುಡು ಮಗಾ," ಎಂದಳು ಪಿಳ್ಳಮ್ಮ. "ನಾನ್ ಇಡ್ಕೊಂಡಿವ್ನಿ."

ವೇಣಿ ಕಣ್ಣು ಮುಚ್ಚಿ ಬಿಟ್ಟಳು. ತನ್ನ ತಲೆ ಇಷ್ಟು ಭಾರ ಎಂದು ಅವಳಿಗೆ ಗೊತ್ತಿರಲಿಲ್ಲ.